ರಟ್ಟಿನ ಆನೆ, ಅಜ್ಜಿಯ ಕೌದಿ, ದೀಪಾವಳಿಯ ಕಿಲ್ಲಾ: ನಮ್ಮ ಮನೆ ಖಾಲಿ ಮಾಡಿದ್ದು ಯಾವುದು?

ನಮ್ಮದು ಮುಂಬೈಯ ಮುಲುಂಡಿನಲ್ಲಿ ಒಂದು ಬೆಡ್‌ರೂಮಿನ ಮನೆ. ಕಾರ್ಪೆಟ್ ಏರಿಯಾ 420 ಚದರಡಿ. ಅದರಲ್ಲಿ ನಾವಿಬ್ಬರು, ಅತ್ತೆ, ಏಳು ವರ್ಷದ ಮಗ. ಜೊತೆಗೆ ಬಾಗಿಲ ಹಿಂದೆ ಹನ್ನೊಂದು ರಟ್ಟಿನ ಡಬ್ಬಗಳು, ಮಂಚದ ಕೆಳಗೆ ಹಳೇ ಪೇಪರಿನ ಕಟ್ಟು, ಕಪಾಟಿನ ಮೇಲೆ ಎರಡು ಗಂಟು ಹಳೇ ಬಟ್ಟೆ. ಏನನ್ನು ಬಿಸಾಡಲು ಹೋದರೂ ಯಾರಾದರೂ ಒಬ್ಬರು "ಇರಲಿ, ಕ್ರಾಫ್ಟ್‌ಗೆ ಬೇಕಾಗುತ್ತೆ" ಅನ್ನುತ್ತಿದ್ದರು. ಜಾಸ್ತಿ ಸಲ ಅಂದವಳು ನಾನೇ.

ಕಳೆದ ಮಳೆಗಾಲದಲ್ಲಿ ಒಂದು ಲೆಕ್ಕ ಹಾಕಿದೆ. ಮಳೆಯಲ್ಲಿ ಮಗ ಕೆಳಗೆ ಆಡಲು ಹೋಗುವಂತಿಲ್ಲ. ಇರುವ ಸಾಮಾನಿನಲ್ಲೇ ಏನಾದರೂ ಮಾಡಿಸಿದರೆ ಅವನಿಗೂ ಹೊತ್ತು ಹೋಗುತ್ತದೆ, ಮನೆಯೂ ಖಾಲಿಯಾಗುತ್ತದೆ. ಜೂನ್‌ನಿಂದ ದೀಪಾವಳಿವರೆಗೆ ಒಂದೊಂದಾಗಿ ಮಾಡಿ ನೋಡಿದೆವು. ಹೊತ್ತು ಹೋಯಿತು. ಮನೆ ಖಾಲಿಯಾಯಿತಾ ಅಂದರೆ, ಮುಂಚೆಯೇ ಹೇಳಿಬಿಡುತ್ತೇನೆ: ಮುಕ್ಕಾಲು ಪಾಲು ಕ್ರಾಫ್ಟ್ ಕಸವನ್ನು ಹೊರಗೆ ಕಳಿಸುವುದಿಲ್ಲ, ಅದಕ್ಕೆ ಬಣ್ಣ ಬಳಿದು ಶೋಕೇಸಿನಲ್ಲಿ ಕೂರಿಸುತ್ತದೆ.

ಮೊದಲು ಪೇಪರಿನ ಬಟ್ಟಲು. ಪೇಪರನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿಯಬೇಕು. ಒಂದು ಲೋಟ ಮೈದಾಕ್ಕೆ ಐದು ಲೋಟ ನೀರು ಹಾಕಿ ಗಂಟಾಗದಂತೆ ಕಾಯಿಸಿದರೆ ಅಂಟು ತಯಾರು. ಸ್ಟೀಲ್ ಬಟ್ಟಲಿನ ಹೊರಗೆ ತೆಂಗಿನೆಣ್ಣೆ ಸವರಿ, ಅದರ ಮೇಲೆ ಮೂರು ಪದರ ಅಂಟಿಸಿ, ಒಣಗಿದ ಮೇಲೆ ಎತ್ತಬೇಕು. ಕೇಳಲು ಎಷ್ಟು ಸುಲಭ ಅಲ್ವಾ? ನಾವು ಮಾಡಿದ್ದು ಜುಲೈಯಲ್ಲಿ. ಜುಲೈ ಒಂದು ತಿಂಗಳಲ್ಲೇ ಸರಾಸರಿ 800 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಿದು. ಹಾಕಿದ ಟವೆಲ್ಲೇ ಮೂರು ದಿನ ಒಣಗುವುದಿಲ್ಲ. ನಾಲ್ಕನೇ ದಿನ ಬಟ್ಟಲಿನ ಒಳಗೆ ಹಸಿರು ಬೂಸ್ಟು. ಅಡುಗೆಮನೆಯಲ್ಲಿ ಹುಳಿ ಹಿಟ್ಟಿನ ವಾಸನೆ. ಮಗನಿಗೆ ಮಾತ್ರ ಭಾರಿ ಖುಷಿ, ಭೂತಗನ್ನಡಿ ತಂದು ಬೂಸ್ಟನ್ನೇ ನೋಡುತ್ತಾ ಕೂತ.

ಅಕ್ಟೋಬರಿನ ಸುಡು ಬಿಸಿಲಿನಲ್ಲಿ ಇನ್ನೊಂದು ಸಲ ಮಾಡಿದೆವು. ಎರಡೇ ದಿನಕ್ಕೆ ಹಪ್ಪಳದಂತೆ ಒಣಗಿತು. ಆದರೆ ಒಂದು ಬಟ್ಟಲಿಗೆ ಹೋಗಿದ್ದು ಎರಡು ದಿನದ ಪೇಪರ್. ತಿಂಗಳಿಗೆ ಬರುವುದು ಮೂವತ್ತು. ಮಂಚದ ಕೆಳಗಿನ ಕಟ್ಟು ಬೆಳೆಯದೆ ಇರಬೇಕಾದರೇ ತಿಂಗಳಿಗೆ ಹದಿನೈದು ಬಟ್ಟಲು ಮಾಡಬೇಕು. ಸುಮ್ನೆ ರದ್ದಿಯವನಿಗೆ ಕೊಟ್ಟರೆ ಕಿಲೋಗೆ 14 ರೂಪಾಯಿ ಕೈಗೆ ಬರುತ್ತಿತ್ತು. ಇನ್ನೊಂದು ವಿಷಯ, ಮೈದಾ ಅಂದರೆ ಜಿರಳೆಗೆ ಹಬ್ಬದೂಟ. ಹಿಂದೆ ಪುಸ್ತಕದ ಬೈಂಡಿಂಗ್ ಮಾಡುವವರು ಅಂಟಿಗೆ ಮೈಲುತುತ್ತು ಬೆರೆಸುತ್ತಿದ್ದುದು ಹುಳ ಬರಬಾರದೆಂದೇ. ಅದು ವಿಷ, ಮಕ್ಕಳ ಅಂಟಿಗೆ ಅದನ್ನು ಹಾಕುವ ಯೋಚನೆಯೇ ಬೇಡ.

ಎರಡನೆಯದು ರಟ್ಟಿನ ಆನೆ. ಮಿಕ್ಸರಿನ ಡಬ್ಬ ಹೊಟ್ಟೆ, ಟಿಶ್ಯೂ ರೋಲುಗಳು ಕಾಲು, ಶೂ ಡಬ್ಬದ ಮುಚ್ಚಳ ಕಿವಿ. ನೋಡಲು ನಿಜವಾಗಿಯೂ ಚೆನ್ನಾಗಿತ್ತು. ಕಣ್ಣಿನ ಸುತ್ತ ಚಮಕಿ, ಹಣೆಗೆ ಅಜ್ಜಿಯ ಹಳೇ ಬಿಂದಿ. ತೊಂದರೆ ಏನೆಂದರೆ, ಮಡಚಿಟ್ಟಾಗ ಈ ಡಬ್ಬಗಳು ಬಾಗಿಲ ಹಿಂದೆ ನಾಲ್ಕು ಬೆರಳು ಜಾಗದಲ್ಲಿದ್ದವು. ಆನೆಯಾದ ಮೇಲೆ ಅದಕ್ಕೆ ಒಂದು ಇಡೀ ಕುರ್ಚಿ ಬೇಕಾಯಿತು. ನಮ್ಮ ಮನೆಯಲ್ಲಿ ಇರುವುದೇ ಮೂರು ಕುರ್ಚಿ.

ಒಂದು ರಾತ್ರಿ ಮಗ ಮಲಗಿದ ಮೇಲೆ ಆನೆಯನ್ನು ಒಣ ಕಸದ ಡಬ್ಬಿಯ ಪಕ್ಕದಲ್ಲಿಟ್ಟು ಬಂದೆ. ಬೆಳಿಗ್ಗೆ ಬೆಲ್ ಆಯಿತು. ಕಸ ಒಯ್ಯುವವರು ಆನೆಯನ್ನು ಎತ್ತಿಕೊಂಡು ನಿಂತಿದ್ದರು. "ಭಾಭೀ, ಬಚ್ಚೇ ಕಾ ಹಾಥೀ ಬಾಹರ್ ರಹ್ ಗಯಾ." ಮಗುವಿನ ಆನೆ ಹೊರಗೇ ಉಳಿದುಬಿಟ್ಟಿದೆ ಅಂತ. ಹಲ್ಲುಜ್ಜುತ್ತಿದ್ದ ಮಗ ಬ್ರಷ್ ಸಮೇತ ಬಂದು ಆನೆಯನ್ನು ತಬ್ಬಿಕೊಂಡ. ನಾನು ಅವರಿಗೆ ಥ್ಯಾಂಕ್ಸ್ ಹೇಳಬೇಕಾಯಿತು.

ಆಮೇಲೆ ರದ್ದಿಯವನನ್ನೇ ಕೇಳಿದೆ. ಅವನು ಹೆಬ್ಬೆರಳಿನಿಂದ ಆನೆಯ ಬೆನ್ನು ಉಜ್ಜಿ ನೋಡಿದ, ತಲೆ ಅಲ್ಲಾಡಿಸಿದ. ಬರೀ ರಟ್ಟಾದರೆ ಕಿಲೋಗೆ 8 ರೂಪಾಯಿ ಕೊಡುತ್ತಾನಂತೆ, ಟೇಪು ಚಮಕಿ ಇದ್ದರೆ ಬೇಡವಂತೆ. ಅವನು ಹೇಳಿದ್ದು ಸರಿಯೇ. ಮಿಲ್ಲಿನಲ್ಲಿ ರಟ್ಟನ್ನು ನೀರಿನಲ್ಲಿ ಕಲಸಿ ತಿರುಳು ಮಾಡುತ್ತಾರೆ. ಟೇಪು, ಚಮಕಿ ಎರಡೂ ಪ್ಲಾಸ್ಟಿಕ್, ಕರಗದೆ ತಿರುಳನ್ನು ಕೆಡಿಸುತ್ತವೆ. ಅಂದರೆ ಎಂಟು ರೂಪಾಯಿಯ ವಸ್ತುವಿಗೆ ಅರವತ್ತು ರೂಪಾಯಿಯ ಟೇಪು, ಬಣ್ಣ ಹಾಕಿ ಸೊನ್ನೆ ರೂಪಾಯಿಯ ವಸ್ತು ಮಾಡಿದ್ದೆವು. ರಟ್ಟಿನಲ್ಲಿ ಏನಾದರೂ ಮಾಡಿಸುವವರಿಗೆ ನಾನು ಹೇಳುವುದಿಷ್ಟೇ: ಸೀಳು ಹಾಕಿ ಒಂದಕ್ಕೊಂದು ಸಿಕ್ಕಿಸಿ, ದಾರದಲ್ಲಿ ಕಟ್ಟಿ, ಮೈದಾ ಅಂಟು ಹಚ್ಚಿ. ಟೇಪು, ಚಮಕಿ ಬೇಡ.

ಬೆಂಕಿಕಡ್ಡಿಯ ಆಟಿಕೆ ಇದಕ್ಕೆ ಪೂರ್ತಿ ಉಲ್ಟಾ. ಪುಣೆಯ ಖಗೋಳ ವಿಜ್ಞಾನ ಸಂಸ್ಥೆ ಐಯುಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಅರವಿಂದ ಗುಪ್ತಾ ಅವರ ಹೆಸರು ಕೇಳಿರಬಹುದು. ಕಸದಿಂದ ಆಟಿಕೆ ಮಾಡುವುದನ್ನು ದೇಶಕ್ಕೆಲ್ಲ ಕಲಿಸಿದವರು, 2018ರಲ್ಲಿ ಪದ್ಮಶ್ರೀ ಬಂತು. ಕಡ್ಡಿಗಳನ್ನು ಜೋಡಿಸಿ ಆಕಾರ ಕಟ್ಟುವ ಅವರ ಬೆಂಕಿಕಡ್ಡಿ ಮೆಕ್ಯಾನೋಗೆ ಬೇಕಾಗುವುದು ಎರಡೇ: ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬ್. ಕಡ್ಡಿಯ ಮದ್ದನ್ನು ನಾನು ಕೆರೆದು ಕೊಟ್ಟೆ. ಟ್ಯೂಬಿನ ಸಣ್ಣ ತುಂಡಿನ ಎರಡೂ ಕಡೆಯಿಂದ ಕಡ್ಡಿ ತೂರಿಸಿದರೆ ಕೀಲು ಆಯಿತು. ಚೌಕ ಮಾಡಿ ಅದುಮಿದರೆ ವಾಲುತ್ತದೆ, ತ್ರಿಕೋನ ಅಲುಗುವುದಿಲ್ಲ. ಮಗ ಅದನ್ನು ತಾನೇ ಕಂಡುಹಿಡಿದು, ಕಿಟಕಿಯಿಂದ ಎದುರಿಗೆ ಕಟ್ಟುತ್ತಿದ್ದ ಬಿಲ್ಡಿಂಗಿನ ಕ್ರೇನ್ ತೋರಿಸಿ "ಅಲ್ಲೂ ತ್ರಿಕೋನವೇ ಇದೆ" ಅಂದ. ಮೂರು ಸಂಜೆ ಅವನ ಸದ್ದಿರಲಿಲ್ಲ. ಇದರಿಂದ ಮನೆಯ ಒಂದು ಸಾಮಾನೂ ಕಮ್ಮಿಯಾಗಲಿಲ್ಲ ನಿಜ. ಆದರೆ ಎಲ್ಲ ಬಿಚ್ಚಿದರೆ ಒಂದು ಬೆಂಕಿಪೊಟ್ಟಣದಲ್ಲಿ ಹಿಡಿಯುತ್ತದೆ. ಸಣ್ಣ ಮನೆಗೆ ಇನ್ನೇನು ಬೇಕು?

ಇನ್ನು ಬಟ್ಟೆ. ಇಲ್ಲಿ ಪೈಪೋಟಿ ಇದ್ದದ್ದು ಅತ್ತೆಗೂ ಭಾಂಡಿವಾಲಿಗೂ. ಮುಂಬೈಗೆ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ತಲೆ ಮೇಲೆ ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತು ಬರುತ್ತಾರೆ, ಹಳೇ ಬಟ್ಟೆ ಕೊಟ್ಟರೆ ಪಾತ್ರೆ ಕೊಡುತ್ತಾರೆ. ಆ ಬಟ್ಟೆಯನ್ನು ಒಗೆದು, ಹೊಲಿದು, ಹಳೇ ಬಟ್ಟೆಯ ಬಜಾರಿನಲ್ಲಿ ಮಾರುತ್ತಾರೆ. ಒಂದು ಗಂಟಿನ ಏಳು ಬಟ್ಟೆ ಕೊಟ್ಟೆ. ಅರ್ಧ ಗಂಟೆ ಚೌಕಾಸಿಯ ಕೊನೆಗೆ ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ನಮ್ಮ ಮನೆಯಲ್ಲಿ ಆಗಲೇ ಅಂಥದ್ದು ಒಂಬತ್ತಿದ್ದವು. "ಬಟ್ಟೆ ಹೋಯ್ತು, ಡಬ್ಬಿ ಬಂತು" ಎಂದು ಗಂಡ ಈಗಲೂ ನಗುತ್ತಾರೆ. ಆದರೂ ಲೆಕ್ಕದಲ್ಲಿ ಲಾಭವೇ. ಒಂದು ಗಂಟು ಹೋಗಿ ಒಂದು ಡಬ್ಬಿ ಬಂತು.

ಅತ್ತೆ ಧಾರವಾಡದ ಕಡೆಯವರು. ಎರಡನೇ ಗಂಟು ತಮ್ಮದೆಂದು ಮೊದಲೇ ಹೇಳಿದ್ದರು. ನಾಲ್ಕು ಹತ್ತಿ ಸೀರೆ, ಎರಡು ಪಂಚೆ, ಮಗನಿಗೆ ಗಿಡ್ಡವಾದ ಅಂಗಿಗಳು, ಎಲ್ಲ ಸೇರಿ ಒಂದು ಕೌದಿಯಾಯಿತು. ಸಿಂಥೆಟಿಕ್ ಸೀರೆಯನ್ನು ಮುಟ್ಟಿ ನೋಡಿಯೇ ಬದಿಗೆ ಸರಿಸಿದರು. ಅದು ಜಾರುತ್ತದೆ, ಮೈಗೆ ಬೆವರು ಬರಿಸುತ್ತದೆ. ಅಂಗಿಗಳನ್ನು ಚೌಕ ಚೌಕ ಕತ್ತರಿಸಿದ್ದು ಮಗ. ಯಾವ ತುಂಡಿನ ಪಕ್ಕ ಯಾವುದು ಬರಬೇಕೆಂದು ತೀರ್ಮಾನಿಸಿದ್ದೂ ಅವನೇ. ಅತ್ತೆಗೆ ಸೂಜಿಯ ಕಣ್ಣು ಕಾಣುವುದಿಲ್ಲ. ಹಾಗಾಗಿ ಸ್ಕೂಲಿಗೆ ಹೋಗುವ ಮೊದಲು ಅವನು ಎಂಟು ಸೂಜಿಗೆ ದಾರ ಪೋಣಿಸಿ, ತಲೆದಿಂಬಿಗೆ ಸಾಲಾಗಿ ಚುಚ್ಚಿ ಹೋಗುತ್ತಿದ್ದ. ಮಧ್ಯಾಹ್ನ ಅವನು ಬರುವಷ್ಟರಲ್ಲಿ ಎಂಟೂ ಖಾಲಿ. ಒಂದೂವರೆ ತಿಂಗಳು ಹಿಡಿಯಿತು. ಈಗ ಅದು ಹಾಸಿಗೆಯ ಮೇಲೆ ಇದೆ, ಕಪಾಟಿನ ಮೇಲೆ ಅಲ್ಲ. ಅವಸರವಿದ್ದರೆ ಭಾಂಡಿವಾಲಿ, ಮನೆಯಲ್ಲಿ ಅಜ್ಜಿಯಿದ್ದರೆ ಕೌದಿ. ಅಂಕ ಕೊಡಿ ಎಂದರೆ ನಾನು ಕೌದಿಗೇ ಕೊಡುವುದು.

ಇದರ ನಡುವೆ ಮನೆ ಖಾಲಿ ಮಾಡುವ ಕ್ರಮಗಳ ಜಗಳವೂ ಇತ್ತು. ಅದರಲ್ಲಿ ನಾನೂ ಗಂಡನೂ ಎತ್ತು ಏರಿಗೆ, ಕೋಣ ನೀರಿಗೆ. ಅವರದ್ದು ಭಾನುವಾರ ಎಲ್ಲವನ್ನೂ ಹೊರಗೆ ರಾಶಿ ಹಾಕಿ ಆರಿಸುವ ಕ್ರಮ. ಬೆಳಿಗ್ಗೆ ಹತ್ತಕ್ಕೆ ಶುರುವಾಯಿತು. ನಾಲ್ಕು ಗಂಟೆಗೆ ಮಂಚ ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ. ಮಗನಿಗೆ ಮರೆತೇಹೋಗಿದ್ದ ಆಟಿಕೆಗಳೆಲ್ಲ ಸಿಕ್ಕು, ಎಲ್ಲದರ ಮೇಲೂ ಹೊಸದಾಗಿ ಪ್ರೀತಿ ಉಕ್ಕಿತು. ಹೊರಗೆ ಹೋಗಿದ್ದು ಅರ್ಧ ಚೀಲ. ಗುಡ್ಡ ಅಗೆದು ಇಲಿ ಹಿಡಿದ ಹಾಗೆ. ನನ್ನದು ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟರಲ್ಲಿ ಒಂದು ಡ್ರಾಯರ್. ಅಡುಗೆಮನೆಗೆ ಇದು ಸರಿಹೋಯಿತು. ಮಗನ ಸಾಮಾನಿಗೆ ಮಾತ್ರ ಕದ್ದು ಮಾಡಬೇಕಾಯಿತು, ಅದರ ಫಲ ಆ ಆನೆಯ ಪ್ರಸಂಗ. ಫೋಟೋ ತೆಗೆದು ಬಿಸಾಡುವುದನ್ನೂ ಮಾಡಿದೆ. ಈಗ ಫೋನ್ "ಸ್ಟೋರೇಜ್ ಫುಲ್" ಅನ್ನುತ್ತದೆ.

ನಡೆದಿದ್ದು ಟ್ರಂಕಿನ ಕ್ರಮ. ಗಂಡನ ಹಾಸ್ಟೆಲ್ ಕಾಲದ ಕಬ್ಬಿಣದ ಟ್ರಂಕು, ಅದರ ಯಜಮಾನ ಮಗ. ಮುಚ್ಚಳ ಕೂರದಿದ್ದರೆ ಏನಾದರೂ ಹೊರಗೆ ಹೋಗಬೇಕು, ಏನು ಎಂಬುದು ಅವನ ಇಷ್ಟ. ನಾವು ಬಾಯಿ ಹಾಕುವಂತಿಲ್ಲ. ಇದರ ಕಷ್ಟವೂ ಗೊತ್ತಿರಲಿ. ಅಂಗನವಾಡಿ ವಯಸ್ಸಿನಲ್ಲಿ ಅಂಗೈ ಬಣ್ಣಕ್ಕೆ ಅದ್ದಿ ನನಗಾಗಿ ಮಾಡಿದ ಕಾರ್ಡನ್ನು ತಣ್ಣಗೆ ಎತ್ತಿ ಹೊರಗಿಟ್ಟ. ಒಡೆದ ಸೋಡಾ ಬಾಟಲಿ ಮುಚ್ಚಳವನ್ನು ಉಳಿಸಿಕೊಂಡ.

ದೀಪಾವಳಿಗೆ ಉಳಿದ ಡಬ್ಬಗಳಿಗೆ ಗತಿ ಸಿಕ್ಕಿತು. ಮಹಾರಾಷ್ಟ್ರದಲ್ಲಿ ಮಕ್ಕಳು ದೀಪಾವಳಿಗೆ ಮಣ್ಣಿನ ಕಿಲ್ಲಾ, ಅಂದರೆ ಪುಟ್ಟ ಕೋಟೆ ಕಟ್ಟುತ್ತಾರೆ. ಕಲ್ಲು, ಗೋಣಿಚೀಲ, ಕೆಮ್ಮಣ್ಣು, ಮೇಲೆ ಶಿವಾಜಿ ಮತ್ತು ಅವರ ಸೈನಿಕರಾದ ಮಾವಳೆಯರ ಪುಟ್ಟ ಗೊಂಬೆಗಳು. ಇಳಿಜಾರಿಗೆ ಸಾಸಿವೆ ಚೆಲ್ಲಿದರೆ ಮೂರ್ನಾಲ್ಕು ದಿನಕ್ಕೆ ಹುಲ್ಲಿನ ಹಾಗೆ ಹಸಿರು. ಕಂಪೌಂಡಿನ ಮೂಲೆಯಲ್ಲಿ ಬಿಲ್ಡಿಂಗಿನ ಮಕ್ಕಳೆಲ್ಲ ಸೇರಿ ಕಟ್ಟಿದರು. ಇದು ರಾಯಗಡವೋ ಪ್ರತಾಪಗಡವೋ ಎಂದು ಒಂದು ಸಂಜೆ ಪೂರ್ತಿ ಜಗಳ. ಗುಡ್ಡದ ಒಳಗೆ ತುಂಬಿದ್ದು ನಮ್ಮ ಡಬ್ಬಗಳು, ಹಳೇ ಪೇಪರ್. ಆನೆಯನ್ನು ಮಗ ತಾನಾಗಿಯೇ ಒಯ್ದು ಮಹಾದ್ವಾರದಲ್ಲಿ ನಿಲ್ಲಿಸಿದ. ಮರುದಿನ ರಾತ್ರಿ ಎಲ್ಲಿಂದಲೋ ಒಂದು ಮಳೆ ಬಂದು ಅರ್ಧ ಕಿಲ್ಲಾ ಕುಸಿಯಿತು. ಬೆಳಿಗ್ಗೆ ಮೇಲೆ ಬಂದು ವರದಿ ಕೊಟ್ಟ: "ಅಮ್ಮಾ, ಆನೆ ಯುದ್ಧದಲ್ಲಿ ಸತ್ತಿತು." ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಮಣ್ಣು ಕುಂಡಗಳಿಗೆ ಹೋಯಿತು, ನೆನೆದ ರಟ್ಟು ಗೊಬ್ಬರದ ಗುಂಡಿಗೆ. ಅದರಿಂದ ಆನೆಯ ಟೇಪು ಬಿಡಿಸಲು ಗಂಡನಿಗೆ ಒಂದು ಭಾನುವಾರ ಹಿಡಿಯಿತು.

ಅದೇ ವಾರ ದೀಪವನ್ನೂ ಮಾಡಿದೆವು. ನಾನು ಉಡುಪಿ ಕಡೆಯವಳು, ನಮಗದು ಗೂಡುದೀಪ. ಅತ್ತೆಗೆ ಆಕಾಶಬುಟ್ಟಿ, ಮಗನಿಗೆ ಕಂದೀಲ್. ಮಾಹಿಮಿನ ಕಂದೀಲ್ ಗಲ್ಲಿಯಲ್ಲಿ ತರಹೇವಾರಿ ಸಿಗುತ್ತವೆ. ಆದರೆ ಹಬ್ಬ ಮುಗಿದ ಮೇಲೆ ಅದನ್ನು ಇಡುವುದೆಲ್ಲಿ? ಬಿದಿರು ಕಡ್ಡಿ ಕಟ್ಟಿ, ಗಾಳಿಪಟದ ಕಾಗದ ಅಂಟಿಸಿದೆವು. ಹಬ್ಬ ಮುಗಿದ ಮೇಲೆ ಕಾಗದ ಹರಿದು, ದಾರ ಬಿಚ್ಚಿ, ಕಡ್ಡಿಗಳನ್ನು ಒಂದು ಕಟ್ಟು ಮಾಡಿ ಕಪಾಟಿನ ಹಿಂದೆ ಇಟ್ಟಿದ್ದೇನೆ. ಎರಡು ಬೆರಳು ಜಾಗ. ಈ ವರ್ಷ ಬೇಕಾಗುವುದು ಐದು ಹಾಳೆ ಕಾಗದ, ಒಂದು ಲೋಟ ಮೈದಾ. ಬಣ್ಣ ಯಾವುದೆಂದು ಈಗಲೇ ಜಗಳ ಶುರುವಾಗಿದೆ. ಮಗನಿಗೆ ಕೇಸರಿ, ಅತ್ತೆಗೆ ಹಸಿರು.