ಸಾಲ ಮಾಡಿ ‘ಬಿತ್ತನೆ ಕಾಣಿಕೆ’ ಹಾಕು ಅಂತಾರ, ಹಾಕಬ್ಯಾಡ್ರಿ

ರಾಯಚೂರು ಕೊಪ್ಪಳ ಕಡೆ ಸಭೆಗೆ ಹೋಗೋ ನಮ್ಮ ಮಂದಿಗೆ ಹೇಳಾಕತ್ತೀನಿ, ಅದರಾಗೂ ಸಾಲ ತಲಿಮ್ಯಾಲ ಇದ್ದು ಏನರ ದಾರಿ ತೋರಿಸಪ್ಪಾ ಅಂತ ಉಪವಾಸ ಪ್ರಾರ್ಥನೆಗೆ ಹೋಗೋರಿಗೆ. ಊರಾಗಿನ ಚರ್ಚ್ ಬಗ್ಗೆ ಅಲ್ಲ ನನ್ನ ತಕರಾರು, ಹೊರಗಿಂದ ಬಂದು ಮೂರು ದಿನ ಶಾಮಿಯಾನ ಹಾಕಿ, ಸೌಂಡ್ ಸಿಸ್ಟಮ್ ಇಟ್ಟು, ಈಗ ದೇವರ ಹೆಸರಿಗೆ ದುಡ್ಡು ಬಿತ್ತಿದ್ರ ಮುಂದ ಆಶೀರ್ವಾದ ಕೊಯ್ತೀರಿ ಅಂತ ಹೇಳಿ ‘ಬಿತ್ತನೆ ಕಾಣಿಕೆ’ ಹಾಕೋ ಕವರ್ ಹಂಚಿ ಹೋಗೋರು ಇರ್ತಾರಲ್ಲ, ಅವರ ಬಗ್ಗೆ.

ನಮ್ಮ ಚಿಕ್ಕಮ್ಮಂದು ಮಾನ್ವಿ ಕಡೆ ಊರು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗ, ಡ್ಯಾಮ್ ತುಂಬಿದ ವರ್ಷಾನೂ ನೀರು ಬರ್ತದೋ ಇಲ್ಲೋ ಅನ್ನೋ ಜಾಗ. 2023ರ ಬರದಾಗ ಲೀಜಿಗೆ ಮಾಡಿದ ನೆಲ್ಲು ಕೈಗೆ ಹತ್ತಲಿಲ್ಲ, ಗೊಬ್ಬರದಂಗಡಿ ಬಾಕಿ, ಅಡತಿ ಅಂಗಡಿ ಬಾಕಿ, ಅದರ ಮ್ಯಾಲ ಗುಂಪಿನ ಸಾಲ, ವಾರ ಬಂತಂದ್ರ ಕಂತು. ಚಿಕ್ಕಪ್ಪ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕ ಗುಳೆ ಹೋದ್ರು. ಆವಾಗ ಬಂತು ಈ ಕೂಟ.

ಆ ಕವರ್ ನಾನು ಕೈಯಾಗ ಹಿಡಿದು ನೋಡೀನಿ. ಹಳದಿ ಬಣ್ಣದ್ದು, ಮ್ಯಾಲ ಗೋಧಿ ತೆನೆ ಚಿತ್ರ, ಕೆಳಗ ಹೆಸರು, ಫೋನ್ ನಂಬರ್, ‘ನನ್ನ ಅಗತ್ಯ’ ಅಂತ ಒಂದು ಗೆರೆ, ‘ನನ್ನ ಬಿತ್ತನೆ’ ಅಂತ ಇನ್ನೊಂದು ಗೆರೆ, ಅದರ ಪಕ್ಕದಾಗ ಸಣ್ಣ ಅಕ್ಷರದಾಗ ‘ಈಗ ಕೊಟ್ಟಿದ್ದು / ಉಳಿದದ್ದು ಕೊಡುವ ತಾರೀಖು’. ಕಾಣಿಕೆಗೆ ಬಾಕಿ ತಾರೀಖು ಯಾಕ್ರಿ ಬೇಕು? ಹಿಂದ ಅಂಟಿಸಿದ್ದ ಕ್ಯೂಆರ್ ಸ್ಕ್ಯಾನ್ ಮಾಡಿದ್ರ ಟ್ರಸ್ಟ್ ಹೆಸರು ಬರಲಿಲ್ಲ, ಒಬ್ಬ ಮನಷ್ಯಾನ ಹೆಸರು ಬಂತು.

ಚಿಕ್ಕಮ್ಮ ನನ್ನ ಹತ್ರ ಏನೂ ಇಲ್ಲ ಅಂದಾಳ. ಅದಕ್ಕ ಅವ್ರು ಕೊಟ್ಟ ಉತ್ರ, "ಅಕ್ಕಾ, ಇದ್ದಾಗ ಎಲ್ಲಾರೂ ಕೊಡ್ತಾರ, ಇಲ್ಲದಾಗ ಕೊಡೋದಕ್ಕ ನಂಬಿಕಿ ಅಂತಾರ." ಬೈಬಲಿನಾಗಿನ ಚಾರೆಪ್ತ ಊರಿನ ವಿಧವೆ ಕಥಿ ಹೇಳ್ಯಾರ, ಕಡೀ ಹಿಡಿ ಹಿಟ್ಟಿನಾಗ ಪ್ರವಾದಿಗೆ ಮೊದ್ಲು ರೊಟ್ಟಿ ಮಾಡಿಕೊಟ್ಟಳಲ್ಲ, ಅದು. ಮರುದಿನ ಚಿಕ್ಕಮ್ಮ ಬಂಗಾರದ ಬೋರಮಾಳ ಅಡ ಇಟ್ಟು 40 ಸಾವಿರ ತಂದು ಹಾಕಿದ್ಲು, ಇನ್ನ 10 ಸಾವಿರ ‘ಉಳಿದದ್ದು’ ಗೆರಿಮ್ಯಾಲ ಬರೆಸಿಕೊಂಡ್ರು. ಆ ಕಥಿ ಅಷ್ಟಕ್ಕ ಮುಗಿಯಂಗಿಲ್ಲ ನೋಡ್ರಿ, ಆ ಪ್ರವಾದಿ ಎಲೀಯ ಬರ ಇದ್ದಾಗ ಆ ಹೆಣ್ಮಗಳ ಮನ್ಯಾಗ ಉಳಿದು ಅವ್ರ ಜೊತಿ ಅದೇ ಹಿಟ್ಟಿನ ರೊಟ್ಟಿ ತಿಂದ. ಇವ್ರು ಕವರ್ ತಗೊಂಡು ಇನ್ನೋವಾ ಹತ್ತಿದ್ರು.

ಆಮ್ಯಾಲ ಫೋನ್ ಶುರು ಆತು. ಉಳಿದದ್ದು ಯಾವಾಗ, ದೇವರ ಮುಂದ ಬರೆದುಕೊಟ್ಟೀರಿ, ಹರಕಿ ತೀರಿಸಲಿಲ್ಲ ಅಂದ್ರ ಏನಾಗ್ತದ ಗೊತ್ತಲ್ಲ ಅಂತ. ಸಾಲ ಹಂಗೇ ಐತಲ್ರಿ, ಆಶೀರ್ವಾದ ಬರಲಿಲ್ಲಲ್ಲ ಅಂತ ಈಕಿ ಕೇಳಿದ್ರ, "ನಿಮ್ಮ ಮನ್ಯಾಗ ಯಾರೋ ಗೊಣಗ್ಯಾರ, ಅದಕ್ಕ ತಡದೈತಿ" ಅಂದಾರ. ಗೊಣಗಿದ್ದು ಚಿಕ್ಕಪ್ಪ. ಮೂರು ತಿಂಗಳು ಗಂಡ ಹೆಂಡ್ತಿ ಸರಿಯಾಗಿ ಮಾತಾಡಲಿಲ್ಲ, ನನಗ ದುಡ್ಡಿಗಿಂತ ಇದಕ್ಕ ಸಿಟ್ಟು ಬಂತು. ರಶೀದಿ ಕೇಳಿದ್ರ ದೇವರ ಪುಸ್ತಕದಾಗ ಬರದೈತಿ ಅಂತ ನಗ್ತಾರ. ಬಡ್ಡಿ ಕಟ್ಟಾಕ ಆಗದ ಬೋರಮಾಳ ಹರಾಜಿಗೆ ಹೋತು.

ನನಗ ಬೈಬಲ್ ಅಷ್ಟೊಂದು ಬರಂಗಿಲ್ಲ, ಆದ್ರ ಅವ್ರು ವೇದಿಕಿ ಮ್ಯಾಲ ದಿನಾ ಓದಿದ್ದು 2 ಕೊರಿಂಥ 9:6, ಸ್ವಲ್ಪ ಬಿತ್ತಿದವ ಸ್ವಲ್ಪಾನೇ ಕೊಯ್ತಾನ ಅನ್ನೋದು. ಮನಿಗೆ ಬಂದು ಕೆಳಗಿನ ಸಾಲು ಓದ್ರಿ, 9:7, ದುಃಖಪಟ್ಟು ಕೊಡಬ್ಯಾಡ, ಬಲವಂತಕ್ಕ ಕೊಡಬ್ಯಾಡ, ಮನಸಿನಾಗ ಎಷ್ಟು ನಿಶ್ಚಯ ಮಾಡೀಯೋ ಅಷ್ಟು ಕೊಡು ಅಂತೈತಿ. ಒಂದು ಪುಟ ಹಿಂದ ಹೋದ್ರ 8:12, ನಿನ್ನ ಹತ್ರ ಇರೋದಕ್ಕ ತಕ್ಕಂಗ ಕೊಟ್ರ ಸಾಕು, ಇಲ್ಲದ್ದನ್ನ ಯಾರೂ ಕೇಳಂಗಿಲ್ಲ ಅಂತ. ಈ ಪತ್ರ ಬರೆದ ಪೌಲ ಕೂಡಿಸಾಕತ್ತಿದ್ದ ಆ ದುಡ್ಡರ ಯಾರಿಗೆ? ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ. ಪೌಲ ಅದನ್ನ ಒಬ್ಬನೇ ಹಿಡ್ಕೊಂಡು ಹೋಗಲಿಲ್ಲ, ಯಾರೂ ಬೆರಳು ತೋರಿಸಬಾರದು ಅಂತ ತನ್ನ ಜೊತಿಗಾರ ತೀತನ ಜೊತಿ ಇನ್ನ ಇಬ್ರನ್ನ ಕಳಿಸಿದ, ಅದೂ 8ನೇ ಅಧ್ಯಾಯದಾಗೇ ಐತಿ. ಎರಡು ಅಧ್ಯಾಯದಾಗ ಇಷ್ಟೆಲ್ಲ ಇದ್ರೂ ಇವ್ರಿಗೆ ಸಿಕ್ಕಿದ್ದು ಒಂದೇ ಸಾಲು!

ದಶಮಾಂಶದ್ದೂ ಹಂಗೇ. ದಶಮಾಂಶ ಪೂರ್ತಿ ತಂದು ಕೊಡ್ರಿ ಅನ್ನೋ ಮಲಾಕಿಯ 3:10 ಹೇಳಿ ಹೆದರಿಸ್ತಾರ, ಧರ್ಮೋಪದೇಶಕಾಂಡ 14 ತೆಗೆಯಂಗಿಲ್ಲ. ಅಲ್ಲಿ ಬೆಳೆದದ್ದರಾಗ ಹತ್ತನೇ ಒಂದು ಪಾಲು ಅಂತೈತಿ, ಮೂರು ವರ್ಷಕ್ಕೊಮ್ಮೆ ಆ ಪಾಲು ದೇವಾಲಯದ ಸೇವೆ ಮಾಡೋ ಲೇವಿಯರ ಜೊತಿ ಪರದೇಶಿ, ಅನಾಥ, ವಿಧವೆ ಹೊಟ್ಟಿತುಂಬ ಉಣ್ಣಾಕ. ಬೆಳಿನೇ ಬರದ ವರ್ಷ ಅಡ ಇಟ್ಟ ದುಡ್ಡು ಹೆಂಗ್ರಿ ಬೆಳಿ ಆಗ್ತದ?

ಕೊಡಬ್ಯಾಡ್ರಿ ಅಂತ ಹೇಳಾಕತ್ತಿಲ್ಲ ನಾ. ನಮ್ಮ ಊರ ಚರ್ಚಿನಾಗ ಸುಗ್ಗಿ ಹಬ್ಬಕ್ಕ ಯಾರು ಕುಂಬಳಕಾಯಿ ತರ್ತಾರ, ಯಾರು ಒಂದು ಸೇರು ಜ್ವಾಳ, ಕೋಳಿ, ಅದನ್ನ ಹರಾಜು ಹಾಕ್ತಾರ, ಬಂದ ರೊಕ್ಕ ಎಲ್ಲಾರ ಮುಂದ ಎಣಿಸಿ ಪುಸ್ತಕದಾಗ ಬರೀತಾರ. ಚಿಕ್ಕಮ್ಮ ಈಗ ಅಲ್ಲಿಗೇ ಬರ್ತಾಳ, ಆಗಿದ್ದು ಹಾಕ್ತಾಳ, ಆಗದಿದ್ದ ವಾರ ಸುಮ್ನ ಕೂತು ಹೋಗ್ತಾಳ, ಯಾರೂ ಕೇಳಂಗಿಲ್ಲ.

ಗುಂಪಿನ ಸಾಲದವರು ಕಾಟ ಕೊಟ್ರ ಕೇಳಾಕ 2025ರಾಗ ಸರ್ಕಾರ ಕಾನೂನು ತಂದೈತಿ. ಕಾಣಿಕಿ ಅಂತ ಹೋದ ದುಡ್ಡಿಗೆ ಹಂಗ ಕೇಳಾಕ ಹೋದ್ರ ಮೊದ್ಲು ರಶೀದಿ ಎಲ್ಲೈತಿ ಅಂತಾರ. ಅದಕ್ಕ ಕೊಡೋದಿದ್ರ ಟ್ರಸ್ಟ್ ಹೆಸರಿನ ಖಾತೆಗೆ ಕೊಡ್ರಿ, ನಂಬರ್ ಇರೋ ರಶೀದಿ ತಗೋರಿ, ಬಾಕಿ ಬರೆಯೋ ಕವರ್ ವಾಪಸ್ ಕೊಟ್ಟುಬಿಡ್ರಿ. ಫೋನ್ ಮಾಡಿ ಶಾಪದ ಮಾತು ಆಡಿದ್ರ ರೆಕಾರ್ಡ್ ಮಾಡಿ ಇಟ್ಕೋರಿ. ಅದೇ ಹಳದಿ ಕವರಿನ ಮಂದಿ ಈಗ ಗಂಗಾವತಿ ಕಡೆ ಕೂಟ ಇಟ್ಟಾರಂತ ಕೇಳೀನಿ, ಆ ಕಡಿ ನಿಮ್ಮ ಅಕ್ಕ ತಂಗೇರು, ಅತ್ತಿ, ದೊಡ್ಡಮ್ಮ ಇದ್ರ ಇವತ್ತೇ ಒಂದು ಫೋನ್ ಮಾಡ್ರಿ.