ರವಿವರ್ಮಾ ಪ್ರೆಸ್ಸಿನ ಕಲ್ಲಚ್ಚು ಅಂತ ಕ್ಯಾಲೆಂಡರ್ ಮಾರಾಕತ್ತಾರ, ಹುಷಾರ್!

ಹುಬ್ಬಳ್ಳ್ಯಾಗ ಹಳೇ ಸಾಮಾನಿನ ಅಂಗಡಿಯೊಳಗ "ರವಿವರ್ಮಾ ಪ್ರೆಸ್ಸಿಂದು, ಒರಿಜಿನಲ್ ಕಲ್ಲಚ್ಚು" ಅಂತ ಯಾರರ ಲಕ್ಷ್ಮಿ ಚಿತ್ರ ತೋರಿಸಿದ್ರ ರೊಕ್ಕ ತಗೀಬ್ಯಾಡ್ರಿ. (ಚಿತ್ರಕಾರ ರಾಜಾ ರವಿವರ್ಮಾ ಶುರು ಮಾಡಿದ ಪ್ರೆಸ್ ಅದು; ಕಲ್ಲಚ್ಚು ಅಂದ್ರ ಕಲ್ಲಿನ ಮ್ಯಾಲೆ ಕೈಲೇ ಚಿತ್ರ ಬರದು ಅಚ್ಚು ಹಾಕಿದ್ದು.) ಚೌಕಟ್ಟು ಬಿಚ್ಚಿ ತೋರಿಸೋ ತನಕ ತಗೀಬ್ಯಾಡ್ರಿ. ನನ್ನ 18,000 ರೂಪಾಯಿ ಹೋತು. ಬಿಲ್ಲೂ ಇಲ್ಲ. ಕೇಳಿದ್ದಕ್ಕ ಅಂಗಡ್ಯಾಂವ "ಮತ್ತ ಜಿಎಸ್‌ಟಿ ಬೀಳತೈತಿ, ನಿಮಗ್ಯಾಕ ಬೇಕ್ರಿ ಸರ" ಅಂದಿದ್ದ.

ಮಾಡಿದ್ದು ಭಾಳ ನಾಜೂಕು. ಸಾಗವಾನಿ ಚೌಕಟ್ಟು, ಅದು ಖರೇನ ಹಳೇದು. ಹಿಂದ ಹುಳ ತಿಂದ ಹಲಗಿ, ಅದಕ್ಕ ಅಂಟಿಸಿದ ಹಳೇ ಮರಾಠಿ ಪೇಪರ್. ಕೆಳಗ ಸಣ್ಣ ಅಕ್ಷರದಾಗ ಕಾರ್ಲಾ-ಲೋಣಾವಳಾ ಅಂತ ಪ್ರೆಸ್ಸಿನ ಹೆಸರು. "1896ರ ಮಾಲ್ರಿ" ಅಂದ. 1896ರಾಗ ಆ ಪ್ರೆಸ್ ಮುಂಬೈದಾಗಿತ್ತು! 1894ಕ್ಕ ಅಲ್ಲೇ ಶುರುವಾಗಿದ್ದು, ಲೋಣಾವಳಾ ಹತ್ರ ಮಳವಲಿಗೆ ಹೋಗಿದ್ದು 1899ಕ್ಕ. ಡ್ರಾಯಿಂಗ್ ಮಾಸ್ತರ ನಾ, ಇದನ್ನ ಮಕ್ಕಳಿಗೆ ಹೇಳಾಂವ. ಆ ಹೊತ್ತಿನ್ಯಾಗ ಕಣ್ಣೆಲ್ಲಾ ಸೀರಿ ಅಂಚಿನ ಮ್ಯಾಲಿತ್ತು.

ನಮ್ಮ ಸೋದರಮಾವ ಗದಗಿನ ಪ್ರೆಸ್ಸಿನ್ಯಾಗ ಆಯುಷ್ಯ ಕಳದವರು. ಮನಿಗೆ ಬಂದಾಗ ಹೆಮ್ಮಿಲೆ ತೋರಿಸಿದೆ. ಅವರು ಕಿಸೆದಾಗಿನ ಭೂತಗನ್ನಡಿ ತಗದು ಲಕ್ಷ್ಮಿ ಗಲ್ಲಕ್ಕ ಹಿಡದ್ರು. ಏನೂ ಅನಲಿಲ್ಲ. ಕನ್ನಡಿ ನನ್ನ ಕೈಯಾಗ ಕೊಟ್ಟು, "ನೀನ ನೋಡಪಾ" ಅಂದ್ರು.

ನೋಡಿದೆ. ನೀಲಿ, ಗುಲಾಬಿ, ಹಳದಿ, ಕರೇ ಚುಕ್ಕಿ, ಸಾಲು ಹಿಡದು, ಸಣ್ಣ ಸಣ್ಣ ಹೂವಿನಂಗ ಕೂಡಿದ್ವು. ನಾಲ್ಕು ಬಣ್ಣದ ಆಫ್‌ಸೆಟ್, ಈಗಿನ ಮಷೀನ್ ಅಚ್ಚು! ಕಿರಾಣಿ ಅಂಗಡ್ಯಾವ ದೀಪಾವಳಿಗೆ ಪುಕ್ಕಟೆ ಕೊಡೋ ಕ್ಯಾಲೆಂಡರ್! ಕಲ್ಲಚ್ಚಿನ್ಯಾಗ ಒಂದೊಂದು ಬಣ್ಣಕ್ಕ ಒಂದೊಂದು ಕಲ್ಲು. ಗಲ್ಲದ ಗುಲಾಬಿಗೆ ಬ್ಯಾರೇನ ಶಾಯಿ. ಜಿಡ್ಡಿನ ಮಸಿಲೆ ಕಲ್ಲಿನ ಮ್ಯಾಲೆ ಕೈಲೇ ಇಟ್ಟ ಚುಕ್ಕಿ ಒಂದು ದೊಡ್ಡದು, ಒಂದು ಸಣ್ಣದು, ಅಡ್ಡಾದಿಡ್ಡಿ ಇರತಾವ. ಹಿಂಗ ಕವಾಯತಿಗೆ ನಿಂತಂಗ ಇರಂಗಿಲ್ಲ. ಮಾವನ ಮುಂದ, ಹೆಂಡ್ತಿ ಮುಂದ ಮಾರಿ ಎತ್ತಲಿಕ್ಕಾಗಲಿಲ್ಲ.

ಚೌಕಟ್ಟು ಬಿಚ್ಚಿದ್ರ, ಒಳಗ ಮುಚ್ಚಿದ್ದ ಅಂಚು ಬೆಳ್ಳಗ ಬಿಳೇದು. ಕಂದು ಬಣ್ಣ ಎಲ್ಲಾ ಚಹಾದ ನೀರು. ಖೊಟ್ಟಿ ನೋಟು ಹಿಡಿಯೋ ದೀಪದ ಕೆಳಗ ಇಟ್ರ ಆ ಅಂಚು ನೀಲಿ ಹೊಳೀತು. ಕಾಗದಕ್ಕ ಆ ಹೊಳಪಿನ ರಾಸಾಯನಿಕ ಹಾಕೂದು ಶುರುವಾಗಿದ್ದು 1950ರ ಸುಮಾರಿಗೆ.

ಅಂಗಡ್ಯಾಂವಗ ಫೋನ್ ಮಾಡಿದೆ. "ಸರ, ಭೂತಗನ್ನಡಿ ಹಚ್ಚಿದ್ರ ಎಲ್ಲಾದ್ರಾಗೂ ಚುಕ್ಕೀನ ಕಾಣತಾವು" ಅಂದ. ರೊಕ್ಕ ಹೊಳ್ಳಿ ಕೊಡು ಅಂದ್ರ, "ಮನಿಗೆ ಬಂದ ಲಕ್ಷ್ಮೀನ ಹೊಳ್ಳಿ ಕಳಸಬಾರದ್ರಿ, ಅಪಶಕುನ" ಅಂತಾನ! ನನಗ! ಅಂಗಡಿಗೇ ಹೋಗಿ ನಿಂತೆ. ಆಗ ಅಂದಿದ್ದು ಕೇಳ್ರಿ: "ನಾ ಒರಿಜಿನಲ್ ಅಂದಿದ್ದು ಚೌಕಟ್ಟಿಗೆ, ಚಿತ್ರಕ್ಕಲ್ಲ." ಮಗ್ಗಲಿಗಿದ್ದ ಗಿರಾಕಿ ನಕ್ಕ. ಮನಿಗೆ ಬಂದು ವಾಟ್ಸಾಪ್ ನೋಡಿದ್ರ ನನ್ನ ಬ್ಲಾಕ್ ಮಾಡಿದ್ದ.

ಚೌಕಟ್ಟಿಗೆ 18,000 ಯಾರ್ ಕೊಡ್ತಾರ್ರೀ?

ಭೂತಗನ್ನಡಿ ಒಯ್ರಿ, ಮೈಬಣ್ಣ ಇರೋ ಜಾಗಾ ನೋಡ್ರಿ. ಗಾಜು ತಗ್ಯಾಕ ಒಲ್ಲೆ ಅಂದ್ರ ಅಲ್ಲೇ ಚಪ್ಪಲಿ ಮೆಟ್ಟಿ ಹೊಂಡ್ರಿ. "ಕಲ್ಲಚ್ಚು" ಅಂತ ಬಿಲ್ಲಿನ್ಯಾಗ ಬರಸ್ರಿ. ಅಂಗಡಿ ಹೆಸರು ಇಲ್ಲಿ ಹಾಕಂಗಿಲ್ಲ, ಬೇಕಾದವರು ಇನ್‌ಬಾಕ್ಸಿಗೆ ಬರ್ರಿ.