ಬಿಸಿನೀರಿಗೆ ಮುಂಚೆ ಹರಿದುಹೋಗುವ 9 ಲೀಟರ್

ನಮ್ಮ ಮನೆಯ ಸೋಲಾರ್ ಟ್ಯಾಂಕ್ ಇರುವುದು ಎರಡನೇ ಮಹಡಿಯ ಮೇಲಿನ ತಾರಸಿಯಲ್ಲಿ. ಅಮ್ಮನ ಬಚ್ಚಲುಮನೆ ಇರುವುದು ನೆಲಮಹಡಿಯ ಹಿಂಬದಿಯಲ್ಲಿ. ನಡುವೆ 24 ಮೀಟರ್ ಪೈಪು. ಒಂದು ಬೆಳಗ್ಗೆ 18 ಲೀಟರಿನ ಬಕೆಟ್ ಇಟ್ಟು, ಬಿಸಿನೀರಿನ ನಲ್ಲಿ ತಿರುಗಿಸಿ, ಧಾರೆಗೆ ಬೆರಳೊಡ್ಡಿ ಕುಳಿತೆ. ಬೆರಳಿಗೆ ಬೆಚ್ಚಗೆ ತಾಗುವ ಹೊತ್ತಿಗೆ ಬಕೆಟ್ ಅರ್ಧ ತುಂಬಿತ್ತು. ದಿನಕ್ಕೆ ಐದು ಸಲ ಹೀಗಾದರೆ 45 ಲೀಟರ್. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಹಂತ ಹಂತವಾಗಿ ಪಂಪ್ ಮಾಡಿ, ಸುಮಾರು 100 ಕಿಲೋಮೀಟರ್ ದೂರದಿಂದ ಬೆಂಗಳೂರಿಗೆ ತಂದ ಕಾವೇರಿ ನೀರು ಅದು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ದಾರಿ ಕಾದವನಿಗೆ ಅದು ಮೋರಿಗೆ ಹೋಗುವುದನ್ನು ನೋಡಲಾಗಲಿಲ್ಲ.

ಎರಡು ವರ್ಷಗಳಲ್ಲಿ ಒಂದೊಂದಾಗಿ ಹಲವು ದಾರಿಗಳನ್ನು ಪ್ರಯತ್ನಿಸಿದೆ. ಎಲ್ಲಕ್ಕಿಂತ ಅಗ್ಗದ್ದು, ಶಾಖ ಬೇಗ ಆರದಂತೆ ಪೈಪಿಗೆ ಕಪ್ಪು ಫೋಮ್ ಕೊಳವೆ ತೊಡಿಸುವುದು. ಗೋಡೆಯೊಳಗೆ ಹುದುಗಿದ ಪೈಪಿಗೆ ಅದನ್ನು ಹಾಕಲಾಗದು. ತಾರಸಿಯಲ್ಲೂ ಪೈಪುಗಳು ಇಳಿಯುವ ಡಕ್ಟಿನಲ್ಲೂ ಸಿಕ್ಕ 11 ಮೀಟರಿಗೆ ಮಾತ್ರ ಹಾಕಿಸಿದೆ. ರಾತ್ರಿಯಿಡೀ ನಿಂತ ನೀರು ಹೇಗೂ ಆರುತ್ತದೆ, ಹಾಗಾಗಿ ಬೆಳಗಿನ ಮೊದಲ ಬಕೆಟ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಒಬ್ಬರ ಸ್ನಾನ ಮುಗಿದು ಅರ್ಧ ಗಂಟೆಯ ಮೇಲೆ ಇನ್ನೊಬ್ಬರು ಹೋದರೆ ನೀರು ಬೇಗ ಬಿಸಿಯಾಗಿ ಬರತೊಡಗಿತು. ಮುಂದೆ ಯಾವ ದಾರಿ ಹಿಡಿಯುವವರೂ ಮೊದಲು ಇದನ್ನು ಮಾಡಿಸಿಕೊಳ್ಳಲೇಬೇಕು.

ಆಮೇಲೆ ವಾಶ್‌ಬೇಸಿನ್ ಕೆಳಗೆ ಒಂದು ಪುಟ್ಟ ಪಂಪು ಕೂರಿಸಿದೆ. ಬಿಸಿನೀರಿನ ಪೈಪಿನಲ್ಲಿ ಆರಿಹೋದ ನೀರನ್ನು ಅದು ತಣ್ಣೀರಿನ ಪೈಪಿಗೆ ತಳ್ಳುತ್ತದೆ. ಬಿಸಿ ತಲುಪಿದ ಕೂಡಲೇ ಸೆನ್ಸರ್ ಅದನ್ನು ನಿಲ್ಲಿಸುತ್ತದೆ. ಗೋಡೆ ಒಡೆಯುವ ಕೆಲಸವೇ ಇಲ್ಲ ಎಂಬುದು ದೊಡ್ಡ ಆಕರ್ಷಣೆ. ತೊಂದರೆ ಹೊಳೆದದ್ದು ಅಮ್ಮನಿಗೆ. ಬೆಳಗ್ಗೆ ಪೂಜೆಗೆಂದು ತಾಮ್ರದ ಚೊಂಬಿಗೆ ತಣ್ಣೀರು ಹಿಡಿದವರು ಹೊರಗೆ ಬಂದು, "ಇದೇನೋ, ಚೊಂಬು ಬೆಚ್ಚಗಿದೆ! ತುಳಸಿಗೆ ಬಿಸಿನೀರು ಹಾಕುವುದೇನು?" ಎಂದು ಕೇಳಿದರು. ತಣ್ಣೀರಿನ ನಲ್ಲಿಯಲ್ಲಿ ಮೊದಲು ಬರುವುದು ಉಗುರುಬೆಚ್ಚಗಿನ ನೀರೇ. ಸಾಲದ್ದಕ್ಕೆ ನಮ್ಮಲ್ಲಿ ಬೋರ್‌ವೆಲ್ ನೀರೂ ಬೆರೆಯುತ್ತದೆ. ಅದರ ಬಿಳಿ ಉಪ್ಪು ಸೆನ್ಸರಿಗೆ ಕಟ್ಟಿಕೊಂಡು, ಕೆಲವೇ ತಿಂಗಳಲ್ಲಿ ಪಂಪು ನಿಲ್ಲಬೇಕಾದ ಹೊತ್ತಿಗೆ ನಿಲ್ಲದಾಯಿತು. ಬಿಚ್ಚಿಸಿದೆ.

ಹಾಗಾಗಿ ಆರಿದ ನೀರನ್ನು ಸೋಲಾರ್ ಟ್ಯಾಂಕಿಗೇ ಮರಳಿಸುವ ಪ್ರತ್ಯೇಕ ರಿಟರ್ನ್ ಪೈಪನ್ನೇ ಹಾಕಿಸಿದೆ. ಟೈಲ್ಸ್ ಒಡೆಯದೆ, ಹಿಂಬದಿಯ ಗೋಡೆಯ ಹೊರಮೈಯಲ್ಲಿ ಅರ್ಧ ಇಂಚಿನ ಪೈಪು ತಾರಸಿಗೆ ಏರಿತು, ಅದಕ್ಕೂ ಫೋಮ್. ಪಂಪು ಸೇರಿ 16,000 ರೂಪಾಯಿ ಆಯಿತು. ಇದರಲ್ಲಿ, ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವನ್ನು ಮರೆಯುವಂತಿಲ್ಲ. ಅದಿಲ್ಲದಿದ್ದರೆ ನಲ್ಲಿ ತೆರೆದಾಗ ಟ್ಯಾಂಕಿನ ತಳದ ತಣ್ಣೀರು ರಿಟರ್ನ್ ಪೈಪಿನಿಂದಲೇ ಇಳಿದು ಬಿಸಿನೀರಿಗೆ ಬೆರೆಯುತ್ತದೆ.

ಮೊದಲು ಟೈಮರ್ ಇಟ್ಟೆ: ಬೆಳಗ್ಗೆ 5:30ರಿಂದ 8ರವರೆಗೆ ಪಂಪು ತಿರುಗುತ್ತಲೇ ಇರುತ್ತಿತ್ತು. ನಲ್ಲಿ ತೆರೆದ ಕ್ಷಣ ಬಿಸಿನೀರು! ವಾರವೊಂದು ಸಂತೋಷವಾಗಿ ಕಳೆಯಿತು. ಆಷಾಢದ ಗಾಳಿ, ಮೋಡ ಶುರುವಾದಾಗ ಮೇಲಿನ ಮಹಡಿಯಿಂದ ಮಗಳು ಕೂಗಿದಳು: "ಅಪ್ಪಾ, ನೀರು ಬರೀ ಬೆಚ್ಚಗಿದೆ." ಸೋಲಾರ್ ಟ್ಯಾಂಕಿನಲ್ಲಿ ಬಿಸಿನೀರು ಮೇಲೆ, ತಣ್ಣೀರು ಕೆಳಗೆ ಪದರವಾಗಿ ನಿಲ್ಲುತ್ತದೆ, ನಾವು ಬಳಸುವುದು ಮೇಲಿನ ಪದರವನ್ನು. ಎರಡೂವರೆ ಗಂಟೆ ಸುತ್ತುವ ನೀರು ಆ ಪದರವನ್ನು ಕಲಕುತ್ತದೆ, ಜೊತೆಗೆ ದಾರಿಯುದ್ದಕ್ಕೂ ಗೋಡೆಗಳಿಗೆ ಶಾಖ ಬಿಟ್ಟುಕೊಡುತ್ತದೆ. ಬಿಸಿಲು ಕೊಟ್ಟದ್ದನ್ನು ಗೋಡೆಗೆ ಸುರಿದು, ಕೊನೆಗೆ ಟ್ಯಾಂಕಿನ ಹೀಟರ್ ಹಾಕಿ ಕರೆಂಟು ಸುಡುವ ಸ್ಥಿತಿ ಬಂತು. ಸೋಲಾರ್ ಇರುವ ಮನೆಗೆ ಟೈಮರ್ ಬೇಡವೇ ಬೇಡ.

ಅದೇ ಪಂಪಿಗೆ ಟೈಮರ್ ತೆಗೆಸಿ, ಬಚ್ಚಲುಮನೆಯ ಬಾಗಿಲ ಬಳಿ ಒಂದು ಗುಂಡಿ ಕೂರಿಸಿದೆ. ಸ್ನಾನಕ್ಕೆ ಹೊರಡುವವರು ಒತ್ತುತ್ತಾರೆ. ಟವೆಲ್, ಬಟ್ಟೆ ತೆಗೆದುಕೊಳ್ಳುವ ಒಂದೂವರೆ ನಿಮಿಷದಲ್ಲಿ ನೀರು ಬಂದಿರುತ್ತದೆ. ಪೈಪಿನ ಹೊರಮೈಗೆ ಕಟ್ಟಿದ ಸೆನ್ಸರ್ 40 ಡಿಗ್ರಿಗೆ ಪಂಪನ್ನು ನಿಲ್ಲಿಸುತ್ತದೆ. ಹೊರಮೈಯಲ್ಲಿರುವುದರಿಂದ ಅದಕ್ಕೆ ಉಪ್ಪು ಕಟ್ಟುವ ಭಯವಿಲ್ಲ. ಕಳೆದ ಆಷಾಢದಲ್ಲಿ ಮಗಳ ದೂರು ಬರಲಿಲ್ಲ. ನಮ್ಮ ಮನೆಯಲ್ಲಿ ಉಳಿದದ್ದು ಇದೇ.

ಇದಕ್ಕೆ ನಿಜವಾದ ಪೈಪೋಟಿ ಕೊಡುವುದು 3 ಲೀಟರಿನ ಇನ್‌ಸ್ಟಂಟ್ ಗೀಸರ್. ಅಡುಗೆಮನೆಯಲ್ಲಿ ಸೋಲಾರ್ ಪೈಪನ್ನೇ ಅದರ ಒಳದಾರಿಗೆ ಜೋಡಿಸಿದ್ದೇನೆ. ಪೈಪಿನಲ್ಲಿ ಆರಿದ್ದ ನೀರನ್ನು ಅದು ಕಾಯಿಸಿ ಕೊಡುತ್ತದೆ. ಸೋಲಾರ್ ನೀರು ತಲುಪಿದಾಗ ತಾನೇ ಆಫ್ ಆಗುತ್ತದೆ. ಹನಿ ನೀರೂ ಪೋಲಾಗುವುದಿಲ್ಲ. 9 ಲೀಟರನ್ನು 20 ಡಿಗ್ರಿ ಏರಿಸಲು ಸುಮಾರು 0.2 ಯೂನಿಟ್ ಸಾಕು. ಪಾತ್ರೆ ತೊಳೆಯಲು ಇದು ಸೊಗಸು. ಸ್ನಾನಕ್ಕೆ ಮಾತ್ರ, 3 ಕಿಲೋವ್ಯಾಟಿನ ಗೀಸರ್ ಆದರೂ, ಮೊದಲ ಅರ್ಧ ಬಕೆಟ್ ತುಂಬುವವರೆಗೆ ಧಾರೆಯನ್ನು ಸಣ್ಣಗೆ ಇಟ್ಟುಕೊಳ್ಳಬೇಕು. ಅಮ್ಮನಿಗೆ ಚಳಿಯಲ್ಲಿ ಆ ನಾಲ್ಕೈದು ನಿಮಿಷ ಕಷ್ಟ. ಬಾಡಿಗೆ ಮನೆಯವರಿಗೆ, ಗೋಡೆಯ ಮೇಲೆ ಪೈಪು ಎಳೆಸಲು ಮನಸ್ಸಿಲ್ಲದವರಿಗೆ ನಾನು ಹೇಳುವುದು ಗೀಸರನ್ನೇ.

ತಮ್ಮ ಕೆಂಗೇರಿಯ ಆಚೆ ಮನೆ ಕಟ್ಟಿಸುತ್ತಿದ್ದಾನೆ. ಪ್ಲಾಸ್ಟರಿಂಗ್ ಇನ್ನೂ ಶುರುವಾಗಿಲ್ಲ. ಬಿಸಿನೀರಿನ ಪೈಪಿಗೆ ಫೋಮ್ ತೊಡಿಸಿಯೇ ಗೋಡೆಗೆ ಇಳಿಸು, ಪಂಪು ಯಾವಾಗಲಾದರೂ ತಗೋ, ರಿಟರ್ನ್ ಪೈಪೊಂದನ್ನು ಈಗಲೇ ಹಾಕಿಸಿಬಿಡು ಎಂದು ಹೇಳಿದ್ದೇನೆ. ಭಾನುವಾರ ಪ್ಲಂಬರ್ ಬರುವಾಗ ನಾನೂ ಅಲ್ಲಿಗೆ ಹೋಗುತ್ತಿದ್ದೇನೆ.